ದೊಡ್ಡದಾಗಿ ಕಂಡರೆ ಸಾಲದು, ಸರಿಯಾಗಿ ಕಾಣಬೇಕು

ಅಮೆರಿಕದ ಉತ್ತರ ಭಾಗದಲ್ಲಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರ್ ತಿಂಗಳ ಕೊನೆಯ ಭಾಗವೆಂದರೆ ಒಂದು ಬಗೆಯ ಹಬ್ಬ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರದಿಂದ ಒಂಬತ್ತು ದಿನಗಳ ಕಾಲ ಅಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡಲು ಸರ್ಕಾರದ ಅನುಮತಿ ಇರುತ್ತದೆ. ಐದು ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ಪಡೆದು ಕಾಡಿಗೆ ಇಳಿಯುತ್ತಾರೆ. ಅವರಲ್ಲಿ ಅಪ್ಪನ ಜೊತೆ ಹೊರಟ ಮಗ, ಅಜ್ಜನ ಜೊತೆ ಹೊರಟ ಮೊಮ್ಮಗಳು ಕೂಡ ಇರುತ್ತಾರೆ.

ಬೇಟೆಯ ಕಾಲ ಹತ್ತಿರ ಬಂದಂತೆ ಅಲ್ಲಿನ ಬಂದೂಕಿನ ಅಂಗಡಿಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ರೈಫಲ್‌ಗೆ ಯಾವ ಸ್ಕೋಪ್ ಕೊಳ್ಳಬೇಕು? ಸ್ಕೋಪ್ ಎಂದರೆ ಬಂದೂಕಿನ ನಳಿಕೆಯ ಮೇಲೆ ಕೂರಿಸುವ ಪುಟ್ಟ ದೂರದರ್ಶಕ. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿರುವ ಸ್ಕೋಪುಗಳ ಮೇಲೆ 4×32, 3-9×40, 6-24×50 ಎಂಬ ಅಂಕಿಗಳಿರುತ್ತವೆ. ಹುಡುಗನ ಕಣ್ಣು ನೇರವಾಗಿ 24ರ ಕಡೆಗೆ ಹೋಗುತ್ತದೆ. ದೊಡ್ಡ ಅಂಕಿ, ದೊಡ್ಡ ಬೆಲೆ. ಆದ್ದರಿಂದ ಒಳ್ಳೆಯ ಮಾಲು ಎಂದು ಅಪ್ಪನಿಗೂ ಅನ್ನಿಸುತ್ತದೆ. ಆದರೆ ಅನುಭವಸ್ಥರಾದ ಬೇಟೆಗಾರರು ಬಹುಮಟ್ಟಿಗೆ ಕೈ ಹಾಕುವುದು ಸಣ್ಣ ಅಂಕಿಯ ಸ್ಕೋಪಿಗೆ. ಯಾಕೆ?

ಇದರ ಉತ್ತರ ಬೇಟೆಯ ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಹೈಸ್ಕೂಲಿನ ಭೌತಶಾಸ್ತ್ರದ 'ಬೆಳಕು' ಎಂಬ ಪಾಠದಲ್ಲಿದೆ.

ಬೇಟೆಯ ವಿಷಯ ನಮಗೇಕೆ ಎಂದು ಕೇಳುವವರಿರಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆಯನ್ನು ಬೇಟೆಯಾಡುವುದು ಶಿಕ್ಷಾರ್ಹ ಅಪರಾಧ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆದರೆ ಕಾಡುಪ್ರಾಣಿಯ ಮೇಲೆ ಆ ಕೋವಿ ಎತ್ತುವಂತಿಲ್ಲ. ಬೇಟೆಯ ರೋಮಾಂಚನವನ್ನು ನಮ್ಮ ಮಕ್ಕಳು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ರ ಕಾಡಿನ ಕತೆಗಳಲ್ಲಿ ಓದಿ ಸವಿದರೆ ಸಾಕು.

ಅಮೆರಿಕದ ಸ್ಥಿತಿ ಬೇರೆ. 1900ರ ಸುಮಾರಿಗೆ ಮಿತಿಯಿಲ್ಲದ ಬೇಟೆಯಿಂದಾಗಿ ಅಲ್ಲಿನ ಬಿಳಿಬಾಲದ ಜಿಂಕೆಗಳು ಸುಮಾರು ಐದು ಲಕ್ಷಕ್ಕೆ ಇಳಿದಿದ್ದವು. ಆಮೇಲೆ ಕಟ್ಟುನಿಟ್ಟಿನ ಕಾನೂನುಗಳು ಬಂದವು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಎಂಬ ಕಾಯಿದೆಯಾಗಿ, ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ಪುನರುಜ್ಜೀವನಕ್ಕೆ ಹೋಗತೊಡಗಿತು. ಈಗ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿ. ಅವುಗಳನ್ನು ತಿನ್ನುವ ತೋಳ ಬಹುತೇಕ ಕಡೆ ಇಲ್ಲ. ಜಿಂಕೆಗಳು ಬೆಳೆ ಮೇಯುತ್ತವೆ, ಎಳೆಯ ಮರಗಳನ್ನು ಮುಗಿಸುತ್ತವೆ, ರಸ್ತೆಗೆ ಅಡ್ಡ ಬಂದು ಕಾರುಗಳಿಗೆ ಡಿಕ್ಕಿಯಾಗುತ್ತವೆ. ಹಾಗಾಗಿ ವರ್ಷಕ್ಕೆ ಇಷ್ಟು ದಿನ, ಒಬ್ಬರಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬೇಟೆಗೆ ಅವಕಾಶವಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಅಲ್ಲಿಯೂ ಇದೆ. ಆದರೆ ಒಂದು ಮಾತನ್ನು ಎರಡೂ ಕಡೆಯವರು ಒಪ್ಪುತ್ತಾರೆ: ಗುಂಡು ಹೊಡೆಯುವವನಿಗೆ ತಾನು ಏನನ್ನು ಹೊಡೆಯುತ್ತಿದ್ದೇನೆ ಎಂಬುದು ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಪ್ರಾಣಿ ಗಾಯಗೊಂಡು ನರಳುತ್ತದೆ. ಕೆಲವೊಮ್ಮೆ ಮನುಷ್ಯನೇ ಸಾಯುತ್ತಾನೆ.

ಎರಡು ಅಂಕಿಗಳ ಅರ್ಥ

ಸ್ಕೋಪಿನ ಹೊಟ್ಟೆಯಲ್ಲಿ ಇರುವುದು 1611ರಲ್ಲಿ ಜರ್ಮನಿಯ ಖಗೋಳಜ್ಞ ಯೊಹಾನೆಸ್ ಕೆಪ್ಲರ್ ವಿವರಿಸಿದ ದೂರದರ್ಶಕವೇ. ಮುಂದುಗಡೆ ಒಂದು ಪೀನ ಮಸೂರ, ಇದು ವಸ್ತುಕ. ಹಿಂದುಗಡೆ ಕಣ್ಣಿನ ಹತ್ತಿರ ಇನ್ನೊಂದು, ಇದು ನೇತ್ರಕ. ವಸ್ತುಕವು ದೂರದ ಜಿಂಕೆಯ ಒಂದು ಪುಟ್ಟ ಪ್ರತಿಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ನೇತ್ರಕ ಅದನ್ನು ಹಿಗ್ಗಿಸಿ ತೋರಿಸುತ್ತದೆ. ಕೆಪ್ಲರನ ದೂರದರ್ಶಕದಲ್ಲಿ ಪ್ರತಿಬಿಂಬ ತಲೆಕೆಳಗು. ನಕ್ಷತ್ರ ನೋಡುವವನಿಗೆ ಅದರಿಂದ ತೊಂದರೆಯಿಲ್ಲ, ಬೇಟೆಗಾರನಿಗೆ ಆಗುವುದಿಲ್ಲ. ಆದ್ದರಿಂದ ಸ್ಕೋಪಿನ ನಡುವೆ ಬಿಂಬವನ್ನು ನೆಟ್ಟಗೆ ಮಾಡುವ ಮಸೂರಗಳನ್ನೂ ಇಟ್ಟಿರುತ್ತಾರೆ.

ಪ್ರತಿಬಿಂಬ ಮೂಡುವ ಜಾಗದಲ್ಲಿಯೇ ಕೂಡುಗೆರೆಗಳಿರುತ್ತವೆ, ಅಂದರೆ ಗುರಿ ಹಿಡಿಯಲು ಬಳಸುವ ಅಡ್ಡ ಮತ್ತು ಉದ್ದದ ತೆಳುಗೆರೆಗಳು. ಇದೇ ಸ್ಕೋಪಿನ ಮುಖ್ಯ ಉಪಕಾರ. ಸ್ಕೋಪಿಲ್ಲದ ಬಂದೂಕಿನಲ್ಲಿ ಕಣ್ಣು ಮೂರು ವಸ್ತುಗಳನ್ನು ಒಂದೇ ಸಲ ನೋಡಬೇಕು: ಹತ್ತಿರದ ಹಿಂಗುರಿ, ನಳಿಕೆಯ ತುದಿಯ ಮುಂಗುರಿ, ದೂರದ ಜಿಂಕೆ. ಕಣ್ಣಿನ ಮಸೂರ ಒಂದು ಸಲಕ್ಕೆ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲದು. ಎಳೆಯರ ಕಣ್ಣು ಆ ಕಡೆ ಈ ಕಡೆ ಬೇಗ ಹೊಂದಿಕೊಂಡು ಹೇಗೋ ನಿಭಾಯಿಸುತ್ತದೆ. ನಲವತ್ತೈದು ದಾಟಿ ಓದಲು ಕನ್ನಡಕ ಬಂದವರಿಗೆ ಹಿಂಗುರಿ ಮಸಕು ಮಸಕು. ಸ್ಕೋಪಿನಲ್ಲಾದರೋ ಜಿಂಕೆ ಮತ್ತು ಕೂಡುಗೆರೆ ಎರಡೂ ಒಂದೇ ಸಮತಲದಲ್ಲಿ ಕಾಣುತ್ತವೆ. ಹಾಗಾಗಿ ವರ್ಧನ ಎರಡು ಮೂರು ಪಟ್ಟು ಮಾತ್ರ ಇದ್ದರೂ ಸ್ಕೋಪು ದೊಡ್ಡ ಸಹಾಯವೇ. 1930ರಲ್ಲಿ ಬಿಲ್ ವೀವರ್ ಎಂಬಾತ ಸಾಮಾನ್ಯರ ಕೈಗೆಟುಕುವ ಬೆಲೆಯ ಸ್ಕೋಪನ್ನು ಅಮೆರಿಕದ ಮಾರುಕಟ್ಟೆಗೆ ತಂದ. ಅದರ ವರ್ಧನ ಮೂರಕ್ಕಿಂತ ಹೆಚ್ಚಿರಲಿಲ್ಲ.

ಈಗ ಅಂಕಿಗಳಿಗೆ ಬರೋಣ. 4×32 ಎಂದರೆ ವಸ್ತು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ, ವಸ್ತುಕದ ವ್ಯಾಸ 32 ಮಿ.ಮೀ. ಎಂದರ್ಥ. 3-9×40 ಎಂದರೆ ಒಂದು ಉಂಗುರ ತಿರುಗಿಸಿ ವರ್ಧನವನ್ನು ಮೂರರಿಂದ ಒಂಬತ್ತರವರೆಗೆ ಬದಲಿಸಬಹುದು, ವಸ್ತುಕ 40 ಮಿ.ಮೀ. ಎಂದು. ಮೊದಲ ಅಂಕಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಹೇಳುತ್ತದೆ. ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದನ್ನು ತಿಳಿಯಲು ಒಂದು ಭಾಗಾಕಾರ ಮಾಡಬೇಕು.

ಕಣ್ಣಿನ ಪಾಪೆಯ ಲೆಕ್ಕ

ವಸ್ತುಕದ ವ್ಯಾಸವನ್ನು ವರ್ಧನದಿಂದ ಭಾಗಿಸಿ. ನೇತ್ರಕದಿಂದ ಹೊರಬರುವ ಬೆಳಕಿನ ಕಂತೆಯ ವ್ಯಾಸ ಸಿಗುತ್ತದೆ. ಇದನ್ನು ನಿರ್ಗಮ ಪಾಪೆ ಎನ್ನಬಹುದು. 4×32 ಸ್ಕೋಪಿಗೆ ಇದು 8 ಮಿ.ಮೀ. 3-9×40 ಸ್ಕೋಪನ್ನು ಮೂರಕ್ಕೆ ಇಟ್ಟರೆ 13 ಮಿ.ಮೀ.ಗಿಂತ ಹೆಚ್ಚು, ಆರಕ್ಕೆ ಇಟ್ಟರೆ 6.7, ಒಂಬತ್ತಕ್ಕೆ ಇಟ್ಟರೆ 4.4. ಇನ್ನು ಹುಡುಗನ ಕಣ್ಣು ಹೋದ 6-24×50 ಸ್ಕೋಪನ್ನು 24ಕ್ಕೆ ಇಟ್ಟರೆ ಕೇವಲ 2.1 ಮಿ.ಮೀ.

ಈ ಬೆಳಕು ಹೋಗಬೇಕಾದದ್ದು ನೋಡುವವನ ಕಣ್ಣಿನ ಪಾಪೆಯೊಳಕ್ಕೆ. ಹಗಲಿನಲ್ಲಿ ನಮ್ಮ ಪಾಪೆ ಎರಡು ಮೂರು ಮಿ.ಮೀ. ಅಗಲವಿರುತ್ತದೆ. ಕತ್ತಲಾದಂತೆ ಹಿಗ್ಗುತ್ತದೆ, ಎಳೆಯರಲ್ಲಿ ಸುಮಾರು 7 ಮಿ.ಮೀ.ವರೆಗೆ, ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸು. ಜಿಂಕೆ ಮೇವಿಗಾಗಿ ಹೆಚ್ಚು ಓಡಾಡುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾದ ಅರ್ಧ ಗಂಟೆಯವರೆಗೆ ಬೇಟೆಗೆ ಅವಕಾಶ. ಆ ಮಬ್ಬು ಬೆಳಕಿನಲ್ಲಿ 7 ಮಿ.ಮೀ. ತೆರೆದ ಕಣ್ಣಿಗೆ 2.1 ಮಿ.ಮೀ. ಬೆಳಕಿನ ಕಂತೆ ಕೊಟ್ಟರೆ ಏನಾಗುತ್ತದೆ? ಬೆಳಕಿನ ಪ್ರಮಾಣ ವ್ಯಾಸದ ವರ್ಗಕ್ಕೆ ಅನುಗುಣ. 7ನ್ನು 2.1ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 11. ಅಂದರೆ ಅಕ್ಷಿಪಟಲದ ಮೇಲೆ ಬೀಳುವ ಬಿಂಬ ಹನ್ನೊಂದು ಪಟ್ಟು ಮಂಕು. ಜಿಂಕೆ ದೊಡ್ಡದಾಗಿ ಕಾಣುತ್ತದೆ, ಆದರೆ ದೊಡ್ಡ ಕಪ್ಪು ಮುದ್ದೆಯಾಗಿ ಕಾಣುತ್ತದೆ.

ಹಾಗಾದರೆ ಇನ್ನೂ ದಪ್ಪ ವಸ್ತುಕ ಕೊಂಡರಾಯಿತಲ್ಲ ಎನ್ನಬಹುದು. ಜರ್ಮನಿಯಲ್ಲಿ ಬೆಳದಿಂಗಳಿನಲ್ಲಿ ಕಾಡುಹಂದಿ ಬೇಟೆಯಾಡುವವರು 8×56 ಸ್ಕೋಪನ್ನು ಇಷ್ಟಪಡುತ್ತಾರೆ. 56ನ್ನು 8ರಿಂದ ಭಾಗಿಸಿದರೆ ಸರಿಯಾಗಿ 7. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಗನ ಕಣ್ಣು ಆ 7 ಮಿ.ಮೀ. ಬೆಳಕನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತದೆ. ಅಪ್ಪನ ಪಾಪೆ 5 ಮಿ.ಮೀ.ಗಿಂತ ಹಿಗ್ಗದಿದ್ದರೆ ಉಳಿದ ಬೆಳಕು ಅವನ ಪಾಪೆಯ ಸುತ್ತಲ ಬಣ್ಣದ ಪೊರೆಯ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ದುಡ್ಡು ಕೊಟ್ಟು ಕೊಂಡ ಬೆಳಕಿನ ಅರ್ಧದಷ್ಟು ಕಣ್ಣಿನ ಒಳಗೇ ಹೋಗುವುದಿಲ್ಲ. ಒಂದೇ ಮನೆಯಲ್ಲಿ ಮಗನಿಗೆ ಒಪ್ಪುವ ಸ್ಕೋಪು ಅಪ್ಪನಿಗೆ ಒಪ್ಪಬೇಕೆಂದೇನಿಲ್ಲ. ಮೇಲಾಗಿ ದಪ್ಪ ವಸ್ತುಕವಿದ್ದರೆ ಸ್ಕೋಪನ್ನು ನಳಿಕೆಯಿಂದ ಎತ್ತರದಲ್ಲಿ ಕೂರಿಸಬೇಕು. ಆಗ ಕೆನ್ನೆ ಬಂದೂಕಿನ ಹಿಂಬದಿಯ ಮರಕ್ಕೆ ಒತ್ತಿಕೊಳ್ಳದೆ ತಲೆ ತೇಲಿದಂತಾಗಿ ಕೈ ಸ್ಥಿರವಾಗಿ ನಿಲ್ಲುವುದಿಲ್ಲ.

ಕಾಣುವ ಅಗಲ

ವರ್ಧನ ಹೆಚ್ಚಿದಂತೆ ಕಳೆದುಕೊಳ್ಳುವ ಇನ್ನೊಂದು ವಸ್ತುವೆಂದರೆ ದೃಷ್ಟಿಕ್ಷೇತ್ರ. ಮೂರು ಪಟ್ಟು ವರ್ಧನದಲ್ಲಿ ನೂರು ಗಜ ದೂರದಲ್ಲಿ ಸುಮಾರು 33 ಅಡಿ ಅಗಲದ ನೋಟ ಕಾಣುತ್ತದೆ. ಒಂಬತ್ತು ಪಟ್ಟಿನಲ್ಲಿ ಅದು ಹನ್ನೆರಡರಿಂದ ಹದಿನಾಲ್ಕು ಅಡಿಗೆ ಇಳಿಯುತ್ತದೆ. 24 ಪಟ್ಟಿನಲ್ಲಿ ಐದು ಅಡಿಯ ಆಸುಪಾಸು. ಬೆಳೆದ ಜಿಂಕೆಯ ಉದ್ದವೇ ಐದಾರು ಅಡಿ ಇರುವಾಗ ಆ ಕಿಂಡಿಯಲ್ಲಿ ಕಾಣುವುದು ಒಂದು ತುಂಡು ಕಂದು ಚರ್ಮ ಮಾತ್ರ. ಅದು ಜಿಂಕೆಯ ಹೆಗಲೋ ತೊಡೆಯೋ, ಅಥವಾ ಒಣಗಿದ ಮರದ ಬೊಡ್ಡೆಯೋ ತಿಳಿಯದು.

ವಿಸ್ಕಾನ್ಸಿನ್‌ನ ಕಾಡು ದಟ್ಟವಾದದ್ದು. ಅಂಥ ಕಾಡಿನಲ್ಲಿ ಜಿಂಕೆ ಎದುರಾಗುವುದು ಬಹಳ ಸಲ ನೂರು ಗಜದ ಒಳಗೆ. ಕೆಲವೊಮ್ಮೆ ಮೂವತ್ತು ಗಜದಲ್ಲಿ ಪೊದೆಯಿಂದ ಥಟ್ಟನೆ ಎದ್ದು ನಿಲ್ಲುತ್ತದೆ. ಆಗ ದೃಷ್ಟಿಕ್ಷೇತ್ರ ಇನ್ನೂ ಕಿರಿದು. ಒಂಬತ್ತಕ್ಕೆ ಇಟ್ಟ ಸ್ಕೋಪಿನಲ್ಲಿ ನಾಲ್ಕು ಅಡಿ ಅಷ್ಟೇ. ಬೇಟೆಗಾರ ಸ್ಕೋಪಿನೊಳಗೆ ಜಿಂಕೆಯನ್ನು ಹುಡುಕುವಷ್ಟರಲ್ಲಿ ಅದು ಬಿಳಿ ಬಾಲ ಎತ್ತಿ ಓಡಿಹೋಗಿರುತ್ತದೆ. ವರ್ಧನ ಹೆಚ್ಚಿದಂತೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದಲೇ ಹಿರಿಯ ಬೇಟೆಗಾರರು ಕಿರಿಯರಿಗೆ ಹೇಳಿಕೊಡುವ ಒಂದು ಪದ್ಧತಿಯಿದೆ: ಸ್ಕೋಪಿನ ವರ್ಧನವನ್ನು ಯಾವಾಗಲೂ ಅತಿ ಕಡಿಮೆಗೆ ಇಟ್ಟುಕೊಂಡು ಕೂರಬೇಕು. ಜಿಂಕೆ ದೂರದಲ್ಲಿದ್ದರೆ ಉಂಗುರ ತಿರುಗಿಸಿ ಹೆಚ್ಚಿಸಿಕೊಳ್ಳಲು ಸಮಯವಿರುತ್ತದೆ. ಹತ್ತಿರದಲ್ಲಿದ್ದರೆ ಕಡಿಮೆ ಮಾಡಿಕೊಳ್ಳಲು ಸಮಯವಿರುವುದಿಲ್ಲ. ಪಶ್ಚಿಮದ ವಯೋಮಿಂಗ್‌ನಂಥ ಬಯಲು ನಾಡಿನಲ್ಲಿ ಇನ್ನೂರು ಮುನ್ನೂರು ಗಜದ ಗುರಿ ಸಾಮಾನ್ಯ. ಅಲ್ಲಿ ಒಂಬತ್ತು ಪಟ್ಟು ಬೇಕಾಗಬಹುದು. ಸ್ಕೋಪನ್ನು ಆರಿಸುವವನು ಮೊದಲು ನೋಡಬೇಕಾದದ್ದು ಅಂಗಡಿಯ ಕಪಾಟನ್ನಲ್ಲ, ತಾನು ಹೋಗುವ ಕಾಡನ್ನು.

ಗಾಜು, ಲೇಪ ಮತ್ತು ಮಂಜು

ಒಂದೇ ಅಂಕಿಯ ಎರಡು ಸ್ಕೋಪುಗಳಲ್ಲಿ ಒಂದರ ಬೆಲೆ ಇನ್ನೊಂದರ ಐದು ಪಟ್ಟು ಇರುವುದುಂಟು. ಈ ವ್ಯತ್ಯಾಸ ಎಲ್ಲಿಂದ ಬಂತು? ಬಹುಮಟ್ಟಿಗೆ ಗಾಜಿನಿಂದ ಮತ್ತು ಗಾಜಿನ ಮೇಲಿನ ಲೇಪದಿಂದ.

ಬರಿಯ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಪ್ರತಿಫಲಿಸಿ ಹಿಂದಕ್ಕೆ ಕಳಿಸುತ್ತದೆ. ಸ್ಕೋಪಿನಲ್ಲಿ ಐದು ಬಿಡಿ ಮಸೂರಗಳಿವೆ ಎನ್ನಿ, ಹತ್ತು ಮೈಗಳಾದವು. ನೂರು ಭಾಗ ಬೆಳಕಿನಲ್ಲಿ ಮೊದಲ ಮೈ ದಾಟಿದ್ದು 96, ಎರಡನೆಯದನ್ನು ದಾಟಿದ್ದು 92 ಚಿಲ್ಲರೆ. ಹೀಗೆ ಹತ್ತನೆಯದನ್ನು ದಾಟುವಾಗ ಉಳಿಯುವುದು 66. ಮೂರರಲ್ಲಿ ಒಂದು ಪಾಲು ದಾರಿಯಲ್ಲೇ ಹೋಯಿತು. ಹೋದದ್ದು ಸುಮ್ಮನೆ ಹೋಗದೆ ಕೊಳವೆಯೊಳಗೆ ಚೆಲ್ಲಾಡಿ ಬಿಂಬವನ್ನು ಮಸುಕು ಮಾಡುತ್ತದೆ.

1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ವಿಜ್ಞಾನಿ ಅಲೆಕ್ಸಾಂಡರ್ ಸ್ಮಾಕುಲಾ ಇದಕ್ಕೊಂದು ಉಪಾಯ ಕಂಡುಹಿಡಿದರು. ಗಾಜಿನ ಮೇಲೆ ಬೆಳಕಿನ ತರಂಗದೂರದ ಕಾಲು ಭಾಗದಷ್ಟು ತೆಳುವಾದ ಲೇಪ ಕೊಟ್ಟರೆ, ಲೇಪದ ಮೇಲ್ಮೈಯಿಂದ ಮರಳುವ ಅಲೆಯೂ ಗಾಜಿನ ಮೈಯಿಂದ ಮರಳುವ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಪ್ರತಿಫಲನ ಕಡಿಮೆಯಾಗಿ ಬೆಳಕು ಮುಂದಕ್ಕೆ ಸಾಗುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ಬಿದ್ದ ಎಣ್ಣೆಯ ಪದರದಲ್ಲಿ ಬಣ್ಣ ಕಾಣಿಸುವ ತತ್ವವೇ ಇದು. ಇಂದು ಇಂಥ ಹಲವು ಪದರಗಳನ್ನು ಕೊಡುತ್ತಾರೆ. ಪ್ರತಿ ಮೈಯಲ್ಲಿ ಕಳೆಯುವುದು ಅರ್ಧ ಪರ್ಸೆಂಟಿಗೆ ಇಳಿದರೆ ಅದೇ ಹತ್ತು ಮೈ ದಾಟಿಯೂ 95 ಭಾಗ ಬೆಳಕು ಉಳಿಯುತ್ತದೆ. ಮುಸ್ಸಂಜೆಯಲ್ಲಿ ಇನ್ನೂ ಹತ್ತು ನಿಮಿಷ ಸ್ಪಷ್ಟವಾಗಿ ಕಾಣುವುದಕ್ಕೆ ದೊಡ್ಡ ವರ್ಧನಕ್ಕಿಂತ ಈ ಲೇಪವೇ ಹೆಚ್ಚು ನೆರವಾಗುತ್ತದೆ.

ಇನ್ನು ಮಂಜು. ಏರ್‌ಕಂಡೀಶನ್ ಕೋಣೆಯಿಂದ ಸೆಕೆಯ ಬೀದಿಗೆ ಬಂದರೆ ಕನ್ನಡಕದ ಮೇಲೆ ಹಬೆ ಕಟ್ಟುತ್ತದೆಯಲ್ಲವೆ? ವಿಸ್ಕಾನ್ಸಿನ್‌ನ ನವೆಂಬರಿನಲ್ಲಿ ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಒಳಗೆ ಬೆಚ್ಚಗಿನ ಮನೆ. ಸ್ಕೋಪಿನ ಒಳಗೆ ತೇವದ ಗಾಳಿ ಇದ್ದರೆ ಅದು ಮಸೂರದ ಒಳಮೈಯಲ್ಲೇ ಹನಿಗಟ್ಟುತ್ತದೆ. ಒಳಗಿನ ಹನಿಯನ್ನು ಒರೆಸುವುದು ಹೇಗೆ? ಆದ್ದರಿಂದ ಒಳ್ಳೆಯ ಸ್ಕೋಪುಗಳಲ್ಲಿ ಗಾಳಿಯನ್ನು ತೆಗೆದು ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ, ರಬ್ಬರ್ ಉಂಗುರಗಳಿಂದ ಭದ್ರವಾಗಿ ಮುಚ್ಚಿರುತ್ತಾರೆ.

ಹುಬ್ಬಿನ ಗಾಯ, ಕ್ಲಿಕ್ಕಿನ ಗಣಿತ

ಸ್ಕೋಪಿನ ನೇತ್ರಕಕ್ಕೂ ಕಣ್ಣಿಗೂ ಮೂರೂವರೆ ಅಂಗುಲದಷ್ಟು ಅಂತರ ಇರಬೇಕು. ಕಾರಣ ನ್ಯೂಟನ್ನನ ಮೂರನೆಯ ನಿಯಮ. ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಅಂತರ ಕಡಿಮೆಯಿದ್ದರೆ ಲೋಹದ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರಾಕಾರದ ಗಾಯವಾಗುತ್ತದೆ. ಅಪ್ಪನ ತೋಳಿನ ಅಳತೆಗೆ ಕೂರಿಸಿದ ಸ್ಕೋಪನ್ನು ಮಗ ಬಳಸಿದಾಗ ಹೀಗಾಗುವ ಸಂಭವ ಹೆಚ್ಚು. ಆದ್ದರಿಂದ ಸ್ಕೋಪನ್ನು ಕೂರಿಸುವಾಗ ಬಳಸುವವನೇ ಬಂದೂಕನ್ನು ಹೆಗಲಿಗೇರಿಸಿ ಕೂತಿರಬೇಕು.

ಗುರಿಯನ್ನು ಹೊಂದಿಸಲು ಸ್ಕೋಪಿನ ಮೇಲೆ ಮತ್ತು ಬಲಬದಿಯಲ್ಲಿ ಎರಡು ತಿರುಪುಗಳಿರುತ್ತವೆ. ತಿರುಗಿಸಿದರೆ ಕ್ಲಿಕ್ ಕ್ಲಿಕ್ ಎನ್ನುತ್ತವೆ. ಪ್ರತಿ ಕ್ಲಿಕ್ಕಿಗೆ ಸಾಮಾನ್ಯವಾಗಿ ಕಾಲು ಮಿನಿಟ್ ಕೋನ ಬದಲಾಗುತ್ತದೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಮಿನಿಟ್. ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ಹಿಡಿಯಬಹುದು. ನೂರು ಗಜ ಎಂದರೆ 3,600 ಅಂಗುಲ. ಅಷ್ಟು ತ್ರಿಜ್ಯದ ವೃತ್ತದ ಪರಿಧಿ ಸುಮಾರು 22,619 ಅಂಗುಲ. ಪೂರ್ಣ ವೃತ್ತದಲ್ಲಿ 360ನ್ನು 60ರಿಂದ ಗುಣಿಸಿದಷ್ಟು, ಅಂದರೆ 21,600 ಮಿನಿಟ್‌ಗಳು. ಭಾಗಿಸಿದರೆ 1.047. ಅಂದರೆ ನೂರು ಗಜದಲ್ಲಿ ಒಂದು ಮಿನಿಟ್ ಎಂದರೆ ಹೆಚ್ಚು ಕಡಿಮೆ ಒಂದು ಅಂಗುಲ. ಗುಂಡು ಗುರಿಗಿಂತ ಮೂರು ಅಂಗುಲ ಕೆಳಗೆ ಬಿದ್ದರೆ ಹನ್ನೆರಡು ಕ್ಲಿಕ್ ಮೇಲಕ್ಕೆ. ಐವತ್ತು ಗಜದಲ್ಲಿ ಅದೇ ಮೂರು ಅಂಗುಲಕ್ಕೆ ಇಪ್ಪತ್ತನಾಲ್ಕು ಕ್ಲಿಕ್ ಬೇಕು. ಯಾಕೆಂಬುದನ್ನು ಓದುಗರೇ ಯೋಚಿಸಲಿ.

ಈ ಹೊಂದಾಣಿಕೆ ಏಕೆ ಬೇಕು? ನಳಿಕೆ ಬಿಟ್ಟ ಕ್ಷಣದಿಂದಲೇ ಗುಂಡು ನೆಲದ ಕಡೆಗೆ ಬೀಳತೊಡಗುತ್ತದೆ. ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಡುವ ಗುಂಡನ್ನು ಇನ್ನೂರು ಗಜಕ್ಕೆ ಸರಿಯಾಗಿ ಹೊಂದಿಸಿದ್ದರೆ, ಮುನ್ನೂರು ಗಜದಲ್ಲಿ ಅದು ಎಂಟೊಂಬತ್ತು ಅಂಗುಲ ಕೆಳಗೆ ತಾಗುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗದ ಅಗಲವೇ ಎಂಟು ಅಂಗುಲದ ಆಸುಪಾಸು. ಗುರಿ ಅಷ್ಟು ತಪ್ಪಿದರೆ ಜಿಂಕೆ ತಕ್ಷಣ ಸಾಯುವುದಿಲ್ಲ. ಮುರಿದ ಕಾಲಿನಲ್ಲಿ, ಹರಿದ ಹೊಟ್ಟೆಯಲ್ಲಿ ದೂರ ಓಡಿ, ಯಾರ ಕೈಗೂ ಸಿಗದೆ ನರಳಿ ಸಾಯಬಹುದು. 24 ಪಟ್ಟು ವರ್ಧನದ ಸ್ಕೋಪು ಮುನ್ನೂರು ಗಜದ ಜಿಂಕೆಯನ್ನು ಅತಿ ಹತ್ತಿರದಲ್ಲಿ ಇರುವಂತೆ ತೋರಿಸುತ್ತದೆ. ತೋರಿಸುತ್ತದೆ ಅಷ್ಟೇ, ಗುಂಡು ಹೋಗಬೇಕಾದ ದೂರ ಒಂದು ಅಂಗುಲವೂ ಕಡಿಮೆಯಾಗಿರುವುದಿಲ್ಲ. ಹೊಸಬರಿಗೆ ದೊಡ್ಡ ವರ್ಧನದಿಂದ ಆಗುವ ಕೇಡು ಇದೇ. ತನ್ನ ಕೈಗೆ ಮೀರಿದ ದೂರಕ್ಕೂ ಗುಂಡು ಹೊಡೆಯಬಹುದೆಂಬ ಧೈರ್ಯವನ್ನು ಅದು ತುಂಬುತ್ತದೆ.

ನೋಡಲು ಬೇರೆ, ಗುರಿಗೆ ಬೇರೆ

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೂ ಒಂದಿದೆ. ಸ್ಕೋಪಿಗೂ ಬೈನಾಕ್ಯುಲರ್‌ಗೂ ಒಳಗಿನ ವಿಜ್ಞಾನ ಒಂದೇ, ಉಪಯೋಗ ಮಾತ್ರ ಒಂದೇ ಅಲ್ಲ. ಸ್ಕೋಪು ತಿರುಗಿದ ಕಡೆಗೆಲ್ಲ ಬಂದೂಕಿನ ನಳಿಕೆಯೂ ತಿರುಗುತ್ತದೆ. ದೂರದ ಪೊದೆಯಲ್ಲಿ ಏನೋ ಅಲುಗಾಡಿತು, ಏನೆಂದು ನೋಡೋಣ ಎಂದು ಸ್ಕೋಪನ್ನು ಎತ್ತಿದರೆ, ಅಲ್ಲಿರುವುದು ಇನ್ನೊಬ್ಬ ಬೇಟೆಗಾರನಾದರೆ, ತುಂಬಿದ ಬಂದೂಕನ್ನು ಮನುಷ್ಯನಿಗೆ ಹಿಡಿದಂತಾಯಿತು. ಮನುಷ್ಯನನ್ನು ಜಿಂಕೆಯೆಂದು ತಿಳಿದು ಗುಂಡು ಹೊಡೆದ ದುರಂತಗಳು ಬೇಟೆಯ ಇತಿಹಾಸದಲ್ಲಿ ಬೇಕಾದಷ್ಟಿವೆ.

ಇದನ್ನು ತಡೆಯಲು ವಿಸ್ಕಾನ್ಸಿನ್ ಎರಡು ಕೆಲಸ ಮಾಡಿದೆ. ಮೊದಲನೆಯದು ಬಟ್ಟೆ. 1980ರಿಂದ ಅಲ್ಲಿ ಬಂದೂಕಿನ ಜಿಂಕೆ ಬೇಟೆಗೆ ಹೋಗುವವರು ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಉಡುಪು ತೊಡುವುದು ಕಡ್ಡಾಯವಾಯಿತು. ಇತ್ತೀಚೆಗೆ ಅಂಥದೇ ಗುಲಾಬಿ ಬಣ್ಣಕ್ಕೂ ಅನುಮತಿ ಕೊಟ್ಟಿದ್ದಾರೆ. ಜಿಂಕೆ ಓಡಿಹೋಗುವುದಿಲ್ಲವೆ ಎಂಬ ಸಂಶಯ ಸಹಜ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶಗಳಿವೆ. ಜಿಂಕೆಯ ಕಣ್ಣಿನಲ್ಲಿ ಎರಡೇ. ಕೆಂಪು, ಕಿತ್ತಳೆಗಳನ್ನು ಗುರುತಿಸುವ ಬಗೆ ಅದಕ್ಕಿಲ್ಲ. ಮನುಷ್ಯನಿಗೆ ಬೆಂಕಿಯಂತೆ ಹೊಳೆಯುವ ಬಣ್ಣ ಜಿಂಕೆಗೆ ಹಸಿರಿನ ನಡುವೆ ಎದ್ದು ಕಾಣುವುದಿಲ್ಲ. ಪ್ರಾಣಿಶಾಸ್ತ್ರದ ಈ ಒಂದು ಅಂಶ ಎಷ್ಟೋ ಜೀವಗಳನ್ನು ಉಳಿಸಿದೆ.

ಎರಡನೆಯದು ಪಾಠ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಯಾರೇ ಆಗಲಿ, ಅನುಭವಿಗಳ ಜೊತೆಗಿಲ್ಲದೆ ತಾವೇ ಬೇಟೆಯಾಡಲು ಲೈಸೆನ್ಸ್ ಬೇಕೆಂದರೆ ಸುರಕ್ಷತೆಯ ತರಬೇತಿ ಪಡೆದಿರಬೇಕು. ಅಲ್ಲಿ ಮಕ್ಕಳಿಗೆ ನಾಲ್ಕು ನಿಯಮಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪ್ರತಿಯೊಂದು ಬಂದೂಕಿನಲ್ಲೂ ಗುಂಡು ಇದೆಯೆಂದೇ ತಿಳಿಯಬೇಕು. ನಳಿಕೆ ಸದಾ ಅಪಾಯವಿಲ್ಲದ ದಿಕ್ಕಿಗೆ ಇರಬೇಕು. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂಬುದು ಖಚಿತವಾಗಬೇಕು. ಹೊಡೆಯುವ ಗಳಿಗೆಯವರೆಗೆ ಬೆರಳು ಕುದುರೆಯ ಹತ್ತಿರ ಸುಳಿಯಬಾರದು. ಮೂರನೆಯ ನಿಯಮವನ್ನು ಪಾಲಿಸಲು ಬೇಕಾದದ್ದು ಕೊರಳಿಗೆ ನೇತುಹಾಕಿದ ಒಂದು ಬೈನಾಕ್ಯುಲರ್. ಮೊದಲು ಅದರಲ್ಲಿ ನೋಡಿ, ಜಿಂಕೆಯೆಂದು ತಿಳಿದು, ಹಿಂದೆ ಮನೆಯಾಗಲಿ ರಸ್ತೆಯಾಗಲಿ ಇಲ್ಲವೆಂದು ಕಂಡುಕೊಂಡ ಮೇಲೆಯೇ ಸ್ಕೋಪು. ಸ್ಕೋಪಿಗೆಂದು ತೆಗೆದಿಟ್ಟ ಹಣದಲ್ಲಿ ಸ್ವಲ್ಪ ಉಳಿಸಿ ಬೈನಾಕ್ಯುಲರ್ ಕೊಂಡವನು ಜಾಣ. ಅಂಗಡಿಯಲ್ಲಿ ನಿಂತ ಅಪ್ಪ-ಮಗನಿಗೆ ಸಲ್ಲುವ ಉತ್ತರವೂ ಇದೇ: ದಟ್ಟ ಕಾಡಿಗೆ ಒಳ್ಳೆಯ ಲೇಪವಿರುವ 4×32 ಅಥವಾ 3-9×40 ಧಾರಾಳ ಸಾಕು, ಜೊತೆಗೊಂದು ಬೈನಾಕ್ಯುಲರ್ ಇರಲಿ.

ನಮ್ಮ ಮನೆಯ ಮಕ್ಕಳಿಗೆ

ಬಂದೂಕಿನ ಸ್ಕೋಪು ನಮ್ಮ ಮಕ್ಕಳಿಗೆ ಬೇಡ. ಆದರೆ ಬಂಡೀಪುರಕ್ಕೋ ರಂಗನತಿಟ್ಟಿಗೋ ಹೋಗುವಾಗ ಬೈನಾಕ್ಯುಲರ್ ಬೇಕು ಎನ್ನುವ ಮಗಳು, ಹುಟ್ಟುಹಬ್ಬಕ್ಕೆ ದೂರದರ್ಶಕ ಕೊಡಿಸಿ ಎನ್ನುವ ಮಗ ಅನೇಕ ಮನೆಗಳಲ್ಲಿ ಇದ್ದಾರೆ. ಅಲ್ಲಿಯೂ ಅಂಗಡಿಯವರು ದೊಡ್ಡ ಅಂಕಿಯನ್ನೇ ಮುಂದೆ ಮಾಡುತ್ತಾರೆ. 60 ಮಿ.ಮೀ. ವಸ್ತುಕದ ದೂರದರ್ಶಕದ ಡಬ್ಬಿಯ ಮೇಲೆ 500 ಪಟ್ಟು ಎಂದು ಬರೆದಿದ್ದರೆ ಹಿಂದೆ ಹೇಳಿದ ಭಾಗಾಕಾರ ಮಾಡಿ ನೋಡಬಹುದು. 0.12 ಮಿ.ಮೀ. ಬಂತು; ಮಸುಕಾದ ಬುರುಗಿನ ಹೊರತು ಬೇರೇನೂ ಕಾಣದು. ವಸ್ತುಕದ ವ್ಯಾಸ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ವರ್ಧನಕ್ಕಿಂತ ಹೆಚ್ಚಿನದು ನಿರುಪಯೋಗಿ ಎಂಬುದು ಆಕಾಶ ವೀಕ್ಷಕರ ಲೆಕ್ಕಾಚಾರ. 1610ರಲ್ಲಿ ಗೆಲಿಲಿಯೋ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ದೂರದರ್ಶಕದಲ್ಲಿ. ಹಕ್ಕಿ ನೋಡುವವರಿಗೆ 8×42 ಬೈನಾಕ್ಯುಲರ್ ಒಪ್ಪುತ್ತದೆ; ಅದರ ನಿರ್ಗಮ ಪಾಪೆ 5 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಮಗುವಿನ ಕಣ್ಣಿಗೂ ಅಪ್ಪ-ಅಮ್ಮನ ಕಣ್ಣಿಗೂ ಸರಿಹೊಂದುತ್ತದೆ.

ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಯಾರದಾದರೂ ಬೈನಾಕ್ಯುಲರ್ ಸಿಕ್ಕರೆ ಹಗಲು ಹೊತ್ತಿನಲ್ಲಿ ಬೆಳಕಿರುವ ಕಿಟಕಿಯ ಕಡೆಗೆ ತಿರುಗಿಸಿ, ನೇತ್ರಕವನ್ನು ಕಣ್ಣಿಗೆ ಹಚ್ಚದೆ ಒಂದು ಅಡಿ ದೂರದಲ್ಲಿ ಹಿಡಿದು ನೋಡಿ. ನೇತ್ರಕದ ನಡುವೆ ಹೊಳೆಯುವ ಒಂದು ಪುಟ್ಟ ದುಂಡು ಬಿಲ್ಲೆ ಕಾಣುತ್ತದೆ. ಅದೇ ನಿರ್ಗಮ ಪಾಪೆ. ಸ್ಕೇಲಿನಿಂದ ಅದರ ಅಗಲ ಅಳೆಯಿರಿ. ಮೈಮೇಲೆ ಬರೆದ ಎರಡು ಅಂಕಿಗಳ ಭಾಗಲಬ್ಧಕ್ಕೆ ಅದು ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದಿದ್ದರೆ ಡಬ್ಬಿಯ ಮೇಲಿನ ಅಂಕಿಯನ್ನು ಸಂಶಯಿಸಬಹುದು. ಒಂದೇ ಎಚ್ಚರಿಕೆ: ಬೈನಾಕ್ಯುಲರ್ ಇರಲಿ, ದೂರದರ್ಶಕ ಇರಲಿ, ಅದನ್ನು ಸೂರ್ಯನ ಕಡೆಗೆ ಎಂದಿಗೂ ತಿರುಗಿಸಬೇಡಿ. ಕ್ಷಣಾರ್ಧದಲ್ಲಿ ಕಣ್ಣು ಹೋಗುತ್ತದೆ.